ಮಡಚುವ ಮುಚ್ಚಳದ ಮರಳುತೊಟ್ಟಿ: ಕಟ್ಟಿದ ಕ್ರಮ, ಕೆಟ್ಟ ಜಾಗಗಳು

ಬೇಸಿಗೆ ರಜೆಯಲ್ಲಿ ಆರು ವರ್ಷದ ಮಗಳು ಮತ್ತು ಮೂರು ದಾಟಿದ ಮಗನಿಗಾಗಿ ಹಿತ್ತಲಿನಲ್ಲಿ ಕಟ್ಟಿದ ಮರಳುತೊಟ್ಟಿ ಈಗ ಬಳಕೆಗೆ ಬಂದಿದೆ. ತೊಟ್ಟಿ ಎಂದರೆ ನಾಲ್ಕು ಹಲಗೆ ಮತ್ತು ಒಂದಿಷ್ಟು ಮರಳು ಎಂದುಕೊಂಡು ಕೆಲಸ ಶುರು ಮಾಡಿದ್ದೆ. ಆ ಭಾಗ ನಿಜಕ್ಕೂ ಸುಲಭವಾಗಿಯೇ ಮುಗಿಯಿತು. ಹೆಚ್ಚಿನ ಸಮಯ, ಹೆಚ್ಚಿನ ಮರ ಮತ್ತು ಬಹುಪಾಲು ತಪ್ಪುಗಳು ಹೋದದ್ದು ಮುಚ್ಚಳಕ್ಕೆ. ಇಂಥದ್ದೇ ಕೆಲಸಕ್ಕೆ ಕೈಹಾಕುವವರು ಮೊದಲು ಮುಚ್ಚಳದ ನಕ್ಷೆ ಬರೆದು, ಅದರ ಅಳತೆಗೆ ತೊಟ್ಟಿಯನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು. ನಾನು ಹೋದದ್ದು ತಿರುಗಾ ದಾರಿಯಲ್ಲಿ.

ಬಳಸಿದ ಸಲಕರಣೆಗಳು: ಕೈಗರಗಸ, ಡ್ರಿಲ್, ಕೀಸುವ ಹತ್ತರಿ, ಮೂಲೆಮಟ್ಟ, ರಸಮಟ್ಟ, ಟೇಪು, ಎರಡು ಬಿಗಿ ಹಿಡಿಕೆ, ಹಾರೆ, ಸಲಿಕೆ, ಜರಡಿ ಮತ್ತು 80 ಹಾಗೂ 120ರ ಉಪ್ಪುಕಾಗದ. ಖರ್ಚಿನಲ್ಲಿ ಮರದ ಪಾಲು ದೊಡ್ಡದು. ಅದರ ನಂತರ ಬರುವುದು ಮರಳಲ್ಲ, ತುಕ್ಕು ಹಿಡಿಯದ ಕೀಲು ಮತ್ತು ಸ್ಕ್ರೂಗಳು. ಅವುಗಳಲ್ಲಿ ಉಳಿತಾಯ ಮಾಡಲು ಹೋಗದಿದ್ದುದೊಂದೇ ಈ ಕೆಲಸದಲ್ಲಿ ಮೊದಲ ದಿನದಿಂದಲೂ ಸರಿಯಾಗಿದ್ದ ತೀರ್ಮಾನ.

ಹಂತ 1: ಮರ

ತೊಟ್ಟಿಯ ಒಳ ಅಳತೆ 1200 × 1200 ಮಿ.ಮೀ., ಎತ್ತರ 300 ಮಿ.ಮೀ. ಗೋಡೆಗೆ 40 ಮಿ.ಮೀ. ದಪ್ಪದ ಹಲಗೆ, ಕೆಳಗೆ 200 ಅಗಲದ್ದು, ಅದರ ಮೇಲೆ 100 ಅಗಲದ್ದು. ಎದುರುಬದುರು ಗೋಡೆಗಳಿಗೆ ತಲಾ 1280 ಉದ್ದ, ಅವುಗಳ ನಡುವೆ ಕೂರುವ ಗೋಡೆಗಳಿಗೆ 1200 ಉದ್ದ. ಹೀಗಾಗಿ ಹೊರ ಅಳತೆ 1280 × 1280 ಆಗುತ್ತದೆ.

ಪರಿಚಯದವರೊಬ್ಬರು ಹಳೆಯ ಬೇಲಿಯ ಹಲಗೆಗಳನ್ನು ಪುಕ್ಕಟೆಯಾಗಿ ಕೊಡಲು ಮುಂದಾಗಿದ್ದರು. ಕತ್ತರಿಸಿದ ತುದಿಯಲ್ಲಿ ಮಾಸಲು ಹಸಿರು ಛಾಯೆ ಕಂಡಿದ್ದರಿಂದ ತೆಗೆದುಕೊಳ್ಳಲಿಲ್ಲ. ಹಿಂದೆ ಹೊರಾಂಗಣದ ಮರಕ್ಕೆ ಕ್ರೋಮಿಯಂ, ತಾಮ್ರ ಮತ್ತು ಆರ್ಸೆನಿಕ್ ಸೇರಿದ ರಸಾಯನವನ್ನು ಒತ್ತಡದಿಂದ ತುಂಬುತ್ತಿದ್ದರು. ಅಮೆರಿಕದಲ್ಲಿ ಮನೆ ಮತ್ತು ಆಟದ ಸಲಕರಣೆಗಳ ಮರಕ್ಕೆ ಇದರ ಬಳಕೆಯನ್ನು ತಯಾರಕರು 2003ರ ಕೊನೆಗೆ ನಿಲ್ಲಿಸಿದರು. ಹಳೆಯ ಮರದಲ್ಲಿ ಅದು ಇದೆಯೋ ಇಲ್ಲವೋ ಎಂದು ಬಣ್ಣ ನೋಡಿ ಖಚಿತವಾಗಿ ಹೇಳಲಾಗದು. ಹೇಳಲಾಗದು ಎಂಬುದೇ ಬಿಟ್ಟುಬಿಡಲು ಸಾಕಷ್ಟು ಕಾರಣ, ಏಕೆಂದರೆ ಮರಳಿನಲ್ಲಿ ಆಡುವ ಮಗುವಿನ ಕೈ ನೇರವಾಗಿ ಬಾಯಿಗೆ ಹೋಗುತ್ತದೆ. ರೈಲುಹಳಿಯ ಹಳೆಯ ದಿಮ್ಮಿಗಳನ್ನೂ ಇದೇ ಎಣಿಕೆಯಲ್ಲಿ ಬಿಟ್ಟೆ. ಅವುಗಳಿಗೆ ಹಚ್ಚಿದ ಕ್ರಿಯೋಸೋಟ್ ಬಿಸಿಲಿಗೆ ಜಿನುಗುತ್ತದೆ.

ಹಂತ 2: ಗುಂಡಿ ಮತ್ತು ತಳ

ಗೂಟ ಹೊಡೆದು ದಾರ ಕಟ್ಟಿ, ಹುಲ್ಲನ್ನು ಬೇರುಸಹಿತ ಎತ್ತಿ, 175 ಮಿ.ಮೀ. ಅಗೆದೆ. ತೊಟ್ಟಿಯ 100 ಮಿ.ಮೀ. ನೆಲದೊಳಗಿರಲಿ, ಅದರ ಕೆಳಗೆ 75 ಮಿ.ಮೀ. ಜಲ್ಲಿ ಇರಲಿ ಎಂಬುದು ಲೆಕ್ಕ. ಗೋಡೆ ನೆಲದಿಂದ 200 ಮಿ.ಮೀ. ಮಾತ್ರ ಮೇಲಿದ್ದರೆ ಚಿಕ್ಕವನು ತಾನೇ ಕಾಲೆತ್ತಿ ಒಳಗಿಡಬಲ್ಲ.

ಮೊದಲ ಸಲ ಜಲ್ಲಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೊಳೆಯಿಂದ ಅಲ್ಲಲ್ಲಿ ಚುಚ್ಚಿ ತೂತು ಮಾಡಿದ್ದೆ. ಮರಳು ತುಂಬಿದ ಮೇಲೆ ಮಕ್ಕಳು ನೀರಿನ ಪೈಪು ಹಿಡಿದು ಕೆರೆ ಕಟ್ಟತೊಡಗಿದರು. ಮೇಲಿನ ಮರಳು ಒಣಗಿದಂತೆ ಕಾಣುತ್ತಿತ್ತು, ಆದರೆ ಒಂದು ಗೇಣು ಕೆಳಗೆ ಕೈ ಹಾಕಿದರೆ ಕಪ್ಪಗೆ, ತಣ್ಣಗೆ, ಕೆಟ್ಟ ವಾಸನೆಯ ಮರಳು ಸಿಗುತ್ತಿತ್ತು. ನುಣುಪು ಮರಳಿನ ಕಣಗಳು ಮೊಳೆಯ ತೂತುಗಳಿಗೆ ಬಿರಡೆಯಂತೆ ಕೂತಿದ್ದವು. ಮರಳನ್ನೆಲ್ಲ ಒಂದು ಬದಿಗೆ ಎಳೆದು, ಅರ್ಧ ಹಾಳೆ ಕತ್ತರಿಸಿ ತೆಗೆದು, ಮತ್ತೆ ಮರಳನ್ನು ಈ ಬದಿಗೆ ಎಳೆದು ಉಳಿದರ್ಧ ತೆಗೆಯಬೇಕಾಯಿತು. ಅದರ ಜಾಗದಲ್ಲಿ ಈಗ ನೀರು ಸೋಸುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಇದೆ. ಬಟ್ಟೆಯನ್ನು ಗೋಡೆಯ ಒಳಬದಿಗೆ 150 ಮಿ.ಮೀ. ಏರಿಸಿ, ಮರದ ಪಟ್ಟಿ ಕೊಟ್ಟು ಸ್ಕ್ರೂ ಬಿಗಿದಿದ್ದೇನೆ. ಬರೀ ಹಾಸಿಬಿಟ್ಟರೆ ಮಕ್ಕಳ ಸಲಿಕೆಗೆ ಅಂಚು ಸಿಕ್ಕಿ ಎದ್ದುಬರುತ್ತದೆ.

ಹಂತ 3: ಚೌಕಟ್ಟು

ನಾಲ್ಕು ಮೂಲೆಗಳಲ್ಲಿ ಒಳಗಿನಿಂದ 50 × 50ರ ಕಂಬತುಂಡು, ಹಲಗೆಯ ಹೊರಗಿನಿಂದ 5 × 80 ಮಿ.ಮೀ. ಸ್ಕ್ರೂ. ಪ್ರತಿ ಸ್ಕ್ರೂಗೂ ಮೊದಲು ಸಣ್ಣ ತೂತು ಕೊರೆದು, ತಲೆ ಒಳಗೆ ಕೂರುವಷ್ಟು ಗುಳಿ ಮಾಡಿಕೊಳ್ಳಬೇಕು. ಹಲಗೆಯ ತುದಿಯ ಹತ್ತಿರ ಇದನ್ನು ಬಿಟ್ಟ ಒಂದು ಕಡೆ ಸೀಳು ಬಂತು.

ಚೌಕಟ್ಟನ್ನು ಬಿಗಿಯುವ ಮೊದಲು ಎರಡು ಕರ್ಣಗಳನ್ನೂ ಅಳೆಯಬೇಕು. 1280ರ ಚೌಕಕ್ಕೆ ಎರಡೂ 1810 ಮಿ.ಮೀ. ಬರಬೇಕು. ನನ್ನದರಲ್ಲಿ 14 ಮಿ.ಮೀ. ವ್ಯತ್ಯಾಸವಿತ್ತು. ಮರಳು ಹಿಡಿಯುವ ಪೆಟ್ಟಿಗೆಗೆ ಅಷ್ಟು ಸೊಟ್ಟ ನಡೆಯುತ್ತದೆ ಎಂದು ಬಿಗಿದುಬಿಟ್ಟೆ. ಪೆಟ್ಟಿಗೆಗೆ ನಿಜಕ್ಕೂ ನಡೆಯುತ್ತದೆ, ಮುಚ್ಚಳಕ್ಕೆ ನಡೆಯುವುದಿಲ್ಲ. ಹಲಗೆಗಳನ್ನು ಜೋಡಿಸಿ ಇಟ್ಟಾಗ ಒಂದು ಮೂಲೆಯಲ್ಲಿ ಗೋಡೆ ಹೊರಗಿಣುಕಿತು, ಎದುರು ಮೂಲೆಯಲ್ಲಿ ಮುಚ್ಚಳ ಹೊರಚಾಚಿತು. ಮರಳು ತುಂಬಿದ ತೊಟ್ಟಿಯನ್ನು ಒದ್ದು ಚೌಕ ಮಾಡಲಾಗದು. ಅದೃಷ್ಟಕ್ಕೆ ಪ್ಲಾಸ್ಟಿಕ್ ಹಾಳೆ ತೆಗೆಯಲು ಮರಳನ್ನು ಎಳೆದಾಡಿದ ದಿನವೇ ಮೂಲೆಯ ಸ್ಕ್ರೂಗಳನ್ನು ಸಡಿಲಿಸಿ, ಹಗ್ಗದಿಂದ ಕರ್ಣ ಎಳೆದು ಸರಿಪಡಿಸಿದೆ.

ಈ ಹಂತದಲ್ಲಿ ಮಕ್ಕಳಿಗೆ ಕೊಟ್ಟ ಕೆಲಸ ಎರಡು. ಮಗಳು ಹಲಗೆಯ ಅಂಚುಗಳಿಗೆ ಉಪ್ಪುಕಾಗದ ಉಜ್ಜಿದಳು. ಮರದ ತುಂಡಿಗೆ ಕಾಗದ ಸುತ್ತಿಕೊಟ್ಟರೆ ಆ ವಯಸ್ಸಿನ ಕೈ ಚೆನ್ನಾಗಿಯೇ ಉಜ್ಜುತ್ತದೆ, ಹಳೆಯ ಕಾಲುಚೀಲ ತೂರಿಸಿ ಎಳೆದರೆ ಸಿಬಿರು ಉಳಿದಿದೆಯೇ ಎಂಬುದು ಅವಳಿಗೇ ಗೊತ್ತಾಗುತ್ತದೆ. ಮಗನಿಗೆ ಸ್ಕ್ರೂ ಕೊಡುವ ಕೆಲಸ. ಆತ ಒಂದು ಮುಷ್ಟಿ ಸ್ಕ್ರೂಗಳನ್ನು ಜಲ್ಲಿಯ ಮೇಲೆ ಬಿತ್ತಿದ. ಕೋಲಿಗೆ ಅಯಸ್ಕಾಂತ ಕಟ್ಟಿ ಆಡಿಸಿದೆ, ಒಂದೂ ಹತ್ತಲಿಲ್ಲ. ತುಕ್ಕು ಹಿಡಿಯದ 304 ದರ್ಜೆಯ ಉಕ್ಕಿಗೆ ಅಯಸ್ಕಾಂತ ಸಾಮಾನ್ಯವಾಗಿ ಅಷ್ಟಾಗಿ ಅಂಟುವುದಿಲ್ಲ ಎಂಬುದು ಆಗ ನೆನಪಾಯಿತು. ಕೊನೆಗೆ ಆ ಭಾಗದ ಜಲ್ಲಿಯನ್ನೆಲ್ಲ ಜರಡಿ ಹಿಡಿಯಬೇಕಾಯಿತು. ಅಲ್ಲಿಂದ ಮುಂದೆ ಸ್ಕ್ರೂಗಳು ಎಣಿಸಿಟ್ಟ ಬಟ್ಟಲಿನಲ್ಲೇ ಇದ್ದವು, ಮರಳು ಸುರಿಯುವ ಮೊದಲು ಬಟ್ಟಲಿನ ಲೆಕ್ಕ ತಾಳೆಯಾಗಲೇಬೇಕೆಂಬ ನಿಯಮವೂ ಬಂತು.

ಹಂತ 4: ಮರಳು

200 ಮಿ.ಮೀ. ಆಳಕ್ಕೆ 0.288 ಘನ ಮೀಟರ್ ಬೇಕು. ಒಣ ಮರಳಿನ ಲೆಕ್ಕದಲ್ಲಿ ಅದು ಸುಮಾರು 460 ಕಿಲೋ. ತೊಳೆದ, ದುಂಡು ಕಣದ ಮರಳೇ ಆಗಬೇಕು. ಕಲ್ಲು ಪುಡಿ ಮಾಡಿದ ಮರಳಿನ ಕಣ ಮೊನಚಾಗಿರುತ್ತದೆ, ಜೊತೆಗೆ ನಯವಾದ ದೂಳಿರುತ್ತದೆ. ಮಕ್ಕಳು ಮರಳನ್ನು ಮುಖದ ಹತ್ತಿರ ಎತ್ತಿ ಸುರಿಯುವುದರಿಂದ ದೂಳು ಬೇಡವೇ ಬೇಡ. ಕೊಳ್ಳುವ ಮೊದಲು ಒಂದು ಗಾಜಿನ ಬಾಟಲಿಗೆ ಕಾಲುಭಾಗ ಮರಳು, ಉಳಿದಂತೆ ನೀರು ಹಾಕಿ ಕುಲುಕಿ ಇಟ್ಟು ನೋಡಿದೆ. ಮರಳು ಕೂಡಲೇ ತಳ ಸೇರಿತು, ಮೇಲೆ ಕೂತ ಜೇಡಿಯ ಪದರ ತೀರ ತೆಳುವಾಗಿತ್ತು. ಅದು ದಪ್ಪಗಿದ್ದರೆ ಬಟ್ಟೆಗೆ ಕಲೆ ಹಿಡಿಯುತ್ತದೆ, ಒಣಗಿದಾಗ ಮರಳು ಹೆಂಟೆಗಟ್ಟುತ್ತದೆ.

ಹಂತ 5: ಮುಚ್ಚಳದ ಮೊದಲ ರೂಪಗಳು

ಮುಚ್ಚಳ ಬೇಕಾದದ್ದು ಬೆಕ್ಕುಗಳ ಕಾಟಕ್ಕೆ. ಬಿಟ್ಟ ಮರಳನ್ನು ಅವು ಒಂದೇ ರಾತ್ರಿಯಲ್ಲಿ ತಮ್ಮ ಶೌಚದ ಜಾಗ ಮಾಡಿಕೊಳ್ಳುತ್ತವೆ.

ಮೊದಲು ಮಾಡಿದ್ದು 12 ಮಿ.ಮೀ. ಪ್ಲೈವುಡ್‌ನ ಒಂದೇ ಹಾಳೆ. ತೂಕ ಹನ್ನೆರಡು ಕಿಲೋದ ಸಮೀಪ. ಎತ್ತಿ ಗೋಡೆಗೆ ಒರಗಿಸಿಡಬೇಕು, ಗಾಳಿ ಬಂದರೆ ಅದು ಮಕ್ಕಳ ಮೇಲೆ ಬೀಳುತ್ತದೆ. ಮುಚ್ಚಿದಾಗ ನಡುವೆ ತಗ್ಗಾಗಿ ನೀರು ನಿಲ್ಲತೊಡಗಿತು. ನಿಂತ ನೀರಿಗೆ ಸೊಳ್ಳೆ ಬರುತ್ತದೆ, ಬಿಸಿ ಕಾಲದಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಅದನ್ನೇ ಎರಡು ಭಾಗ ಮಾಡಿ ಗೋಡೆಗೆ ಕೀಲು ಹಾಕಿದ್ದು ಇನ್ನೂ ಕೆಟ್ಟದಾಯಿತು. ತೆರೆದಾಗ ಹೊರಕ್ಕೆ ಜೋತುಬಿದ್ದ ಭಾರಕ್ಕೆ ಕೀಲುಗಳು ಕಿತ್ತುಬರುತ್ತಿದ್ದವು, ಮುಚ್ಚುವಾಗ ಹಲಗೆ ಧಡ್ಡನೆ ಬೀಳುತ್ತಿತ್ತು. ಮಗಳ ಬೆರಳು ಸಿಕ್ಕಿಕೊಳ್ಳಲಿಲ್ಲ, ಆದರೆ ಸಿಕ್ಕಿಕೊಳ್ಳುವ ಜಾಗದಲ್ಲೇ ಅವಳ ಕೈ ಇದ್ದದ್ದನ್ನು ನೋಡಿದ ಮೇಲೆ ಆ ಮುಚ್ಚಳವನ್ನು ಅಂದೇ ಬಿಚ್ಚಿಟ್ಟೆ.

ಹಂತ 6: ಮಡಚಿ ಬೆಂಚಾಗುವ ಮುಚ್ಚಳ

ಈಗಿರುವುದು ಆರು ಹಲಗೆಗಳ ಮುಚ್ಚಳ, ಒಂದೊಂದು ಬದಿಗೆ ಮೂರು. ಗೋಡೆಯ ಮೇಲೆ ಸ್ಕ್ರೂ ಹಾಕಿ ಕೂರಿಸಿದ್ದು ಅಂಚುಹಲಗೆ. ಅದಕ್ಕೆ ಕೀಲಿನಿಂದ ಸೇರಿದ್ದು ನಡುಹಲಗೆ. ಅದಕ್ಕೆ ಸೇರಿದ್ದು ತುದಿಹಲಗೆ. ತೆರೆಯುವಾಗ ನಡುಹಲಗೆ ಮಗುಚಿ ಅಂಚುಹಲಗೆಯ ಮೇಲೆ ಕೂತು ಆಸನವಾಗುತ್ತದೆ, ತುದಿಹಲಗೆ ಹಿಂದೆ ನೆಟ್ಟಗೆ ನಿಂತು ಒರಗಾಗುತ್ತದೆ. ಇದಕ್ಕಾಗಿ ಅಂಚು ಮತ್ತು ನಡುಹಲಗೆಯ ನಡುವಿನ ಕೀಲು ಮೇಲ್ಮೈಯಲ್ಲಿಯೂ, ನಡು ಮತ್ತು ತುದಿಹಲಗೆಯ ನಡುವಿನ ಕೀಲು ಅಡಿಮೈಯಲ್ಲಿಯೂ ಇರಬೇಕು. ಕೊರೆಯುವ ಮೊದಲು ರಟ್ಟಿನ ಮೂರು ಪಟ್ಟಿಗಳಿಗೆ ಅಂಟುಪಟ್ಟಿ ಹಚ್ಚಿ ಮಡಚಿ ನೋಡಿದರೆ ಯಾವುದು ಎಲ್ಲಿ ಎಂಬ ಗೊಂದಲ ಉಳಿಯುವುದಿಲ್ಲ. ಪ್ರತಿ ಸಂದಿಗೆ 75 ಮಿ.ಮೀ.ನ ಮೂರು ಕೀಲು, ಒಟ್ಟು ಹನ್ನೆರಡು.

ಹಲಗೆಯ ದಪ್ಪ 25 ಮಿ.ಮೀ. ಇದಕ್ಕಿಂತ ತೆಳುವಾದ 18ರ ಹಲಗೆಯನ್ನು ಎರಡು ಗೋಡೆಗಳ ಮೇಲೆ ಅಡ್ಡ ಇಟ್ಟು ನಡುವೆ ನಿಂತು ನೋಡಿದ್ದೆ, ಅದು ಕಣ್ಣಿಗೆ ಕಾಣುವಂತೆ ಬಾಗಿತು. ಮುಚ್ಚಿದ ಮುಚ್ಚಳವನ್ನು ಮಕ್ಕಳು ವೇದಿಕೆ ಮಾಡಿಕೊಂಡು ಕುಣಿಯುವುದು ಖಚಿತವಾದ್ದರಿಂದ 25ಕ್ಕೆ ಹೋದೆ.

ಅಗಲದಲ್ಲಿ ಎಡವಿದ್ದು ಹೀಗೆ. ಹಲಗೆಗಳು 212 ಮಿ.ಮೀ. ಅಗಲವಿದ್ದವು, ಆರು ಸೇರಿದರೆ 1272, ಉಳಿದ 8 ಮಿ.ಮೀ.ಅನ್ನು ಐದು ಸಂದಿಗಳಿಗೆ ಹಂಚಿದರೆ ತಲಾ ಸುಮಾರು ಒಂದೂವರೆ. ಒಣ ಮರದಲ್ಲಿ ಅದು ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಒಂದು ಮಳೆ ಬಿದ್ದು ಹಲಗೆಗಳು ಉಬ್ಬಿದ ಮೇಲೆ ಸಂದಿಗಳೆಲ್ಲ ಮುಚ್ಚಿಹೋಗಿ, ಎರಡು ಬದಿಯ ತುದಿಹಲಗೆಗಳು ನಡುವೆ ಒಂದಕ್ಕೊಂದು ಒತ್ತಿಕೊಂಡು ಮುಚ್ಚಳ ಏಳಲೇ ಇಲ್ಲ. ಒಣಗಿದ ಮೇಲೆ ಎಲ್ಲವನ್ನೂ ಬಿಚ್ಚಿ, ಹತ್ತರಿಯಿಂದ ಕೀಸಿ 210ಕ್ಕೆ ತಂದೆ. ಈಗ ಸಂದಿ 4 ಮಿ.ಮೀ. ಮರ ಉಬ್ಬಿದರೂ ಚೂರು ಜಾಗ ಉಳಿಯುತ್ತದೆ, ಮಗುವಿನ ಬೆರಳು ಮಾತ್ರ ಹೋಗುವುದಿಲ್ಲ. ಆಟದ ಸಲಕರಣೆಗಳ ಸುರಕ್ಷತಾ ಮಾನದಂಡಗಳು ಬೆರಳು ಸಿಕ್ಕಿಕೊಳ್ಳುವ ಅಳತೆಯೆಂದು ಎಣಿಸುವುದು ಸುಮಾರು 8ರಿಂದ 25 ಮಿ.ಮೀ.ವರೆಗಿನ ಸಂದಿಯನ್ನು. ಅದಕ್ಕಿಂತ ಕಡಿಮೆ ಇರಬೇಕು, ಇಲ್ಲವೇ ಹೆಚ್ಚಿರಬೇಕು, ನಡುವಿನದು ಬೇಡ.

ಆ ಮಾತು ನಡುಹಲಗೆ ಮಗುಚಿ ಕೂರುವ ಜಾಗಕ್ಕೂ ಅನ್ವಯಿಸುತ್ತದೆ ಎಂಬುದು ಹೊಳೆದದ್ದು ತಡವಾಗಿ. ಕೀಲನ್ನು ನೇರವಾಗಿ ಹಲಗೆಗೆ ಹಾಕಿದರೆ ಮಗುಚಿದ ಹಲಗೆ ಅಂಚುಹಲಗೆಗೆ ಅಂಟಿ ಕೂರುತ್ತದೆ. ಅಲ್ಲಿ ಅಂಗೈ ಊರಿ ನಿಂತ ಇನ್ನೊಂದು ಮಗುವಿನ ಕೈ ಜಜ್ಜಿಹೋಗುತ್ತದೆ. ಇದಕ್ಕೆ ಪರಿಹಾರವೆಂದು ಅಂಚುಹಲಗೆಯ ಹೊರ ತುದಿಯಲ್ಲಿ 30 ಮಿ.ಮೀ. ಎತ್ತರದ ರಬ್ಬರ್ ಗುಬಟುಗಳನ್ನು ಹಾಕಿದೆ. ಕೈಗೆ ಜಾಗವಾಯಿತು, ಆದರೆ ಕೀಲಿನ ಬದಿ ತಗ್ಗಿ ಹೊರಬದಿ ಎತ್ತರವಾಗಿ ಆಸನ ಒಳಕ್ಕೆ ಓರೆಯಾಯಿತು. ಮಗ ಅದನ್ನು ಜಾರುಬಂಡೆ ಮಾಡಿಕೊಂಡ, ಮಗಳು ಕೂರಲು ಒಪ್ಪಲಿಲ್ಲ. ಸರಿಯಾದ ದಾರಿ ಕೀಲನ್ನೇ ಎತ್ತರಿಸುವುದು. ಕೀಲಿನ ಎರಡೂ ರೆಕ್ಕೆಗಳ ಅಡಿಗೆ 15 ಮಿ.ಮೀ. ದಪ್ಪದ ಗಟ್ಟಿ ಮರದ ಬಿಲ್ಲೆ ಕೊಟ್ಟರೆ, ಮಗುಚಿದಾಗ 15 ಮತ್ತು 15 ಸೇರಿ ಉದ್ದಕ್ಕೂ 30 ಮಿ.ಮೀ. ತೆರವು ಉಳಿಯುತ್ತದೆ. ಹೊರಬದಿಯಲ್ಲಿ ರಬ್ಬರ್ ಗುಬಟು ಹಾಗೆಯೇ ಇರುತ್ತದೆ, ಆಸನವೂ ಮಟ್ಟವಾಗಿರುತ್ತದೆ.

ಬಿಲ್ಲೆ ಸೇರಿಸಿದಾಗ ಸ್ಕ್ರೂ ಬದಲಿಸಬೇಕು ಎಂಬುದನ್ನು ಮರೆತಿದ್ದೆ. ಹಳೆಯ 25 ಮಿ.ಮೀ. ಸ್ಕ್ರೂನಲ್ಲಿ ಕೀಲಿನ ತಗಡಿಗೆ 2, ಬಿಲ್ಲೆಗೆ 15 ಹೋದರೆ ಹಲಗೆಗೆ ಸಿಗುವುದು 8 ಮಾತ್ರ. ನಾನೇ ಮುಚ್ಚಳ ಎತ್ತಿದಾಗ ಒಂದು ಬದಿಯ ಕೀಲುಗಳು ಬಿಲ್ಲೆ ಸಮೇತ ಕಿತ್ತುಬಂದವು. ಈಗ 35 ಮಿ.ಮೀ. ಸ್ಕ್ರೂ ಇದೆ, 18 ಮಿ.ಮೀ. ಹಲಗೆಯೊಳಗೆ ಕೂರುತ್ತದೆ, ಆಚೆಗೆ ಮೊನೆ ಹೊರಡಲು ಇನ್ನೂ 7 ಮಿ.ಮೀ. ಬಾಕಿ. ಕಿತ್ತ ತೂತುಗಳಿಗೆ ಅಂಟು ಸವರಿದ ಮರದ ಕಡ್ಡಿ ಬಡಿದು, ಒಣಗಿದ ಮೇಲೆ ಪಕ್ಕದಲ್ಲಿ ಹೊಸದಾಗಿ ಕೊರೆದೆ.

ಅಡಿಮೈಯ ಕೀಲುಗಳಿಗೆ ಬಿಲ್ಲೆ ಬೇಕಿಲ್ಲ, 20 ಮಿ.ಮೀ. ಸ್ಕ್ರೂ ಸಾಕು. ಆದರೆ ತೆರೆದಾಗ ಅವು ಆಸನ ಮತ್ತು ಒರಗಿನ ಮೂಲೆಗೆ, ಅಂದರೆ ಕೂತವರ ಸೊಂಟದ ಹಿಂದಕ್ಕೆ ಬರುತ್ತವೆ. ಬಿಸಿಲಿಗೆ ಒಂದು ಗಳಿಗೆ ತೆರೆದಿಟ್ಟರೂ ಆ ಲೋಹ ಚುರುಕು ಮುಟ್ಟಿಸುತ್ತದೆ. ಮಕ್ಕಳನ್ನು ಕೂರಿಸುವ ಮೊದಲು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಹಲಗೆ ಒಂದಕ್ಕೆ ಮೂರು ಕಿಲೋಗಿಂತ ಹೆಚ್ಚು ತೂಕವಿರುವುದರಿಂದ ಎರಡನ್ನು ಒಟ್ಟಿಗೆ ಮಗುಚುವುದು ದೊಡ್ಡವರ ಕೆಲಸ. ಆದ್ದರಿಂದ ಮಕ್ಕಳಿಗೆ ಅನುಕೂಲವಾಗಲೆಂದು ಹಿಡಿಕೆ ಹಾಕಬೇಕೆಂದಿದ್ದನ್ನು ಉದ್ದೇಶಪೂರ್ವಕವಾಗಿ ಕೈಬಿಟ್ಟೆ.

ಹಂತ 7: ಕಂಬ ಮತ್ತು ನೆರಳು

ನಾಲ್ಕು ಮೂಲೆಗಳಲ್ಲಿ 75 × 75ರ ಕಂಬ, 450 ಮಿ.ಮೀ. ನೆಲದೊಳಗೆ, 1.8 ಮೀಟರ್ ಮೇಲೆ. ಇವು ನೆರಳಿನ ಬಲೆಯನ್ನೂ ಹೊರುತ್ತವೆ, ಒರಗುಹಲಗೆ ಹಿಂದಕ್ಕೆ ಬೀಳದಂತೆಯೂ ತಡೆಯುತ್ತವೆ. ಕಂಬವನ್ನು ಗೋಡೆಹಲಗೆಗೆ ಒತ್ತಿ ನಿಲ್ಲಿಸಿದ್ದೆ. ತುದಿಹಲಗೆ ನೆಟ್ಟಗಾಗುವಾಗ ತನ್ನ ದಪ್ಪದಷ್ಟು, ಅಂದರೆ ಸಂದಿಯೂ ಸೇರಿ 27 ಮಿ.ಮೀ., ಗೋಡೆಯ ಗೆರೆಯಿಂದ ಹೊರಗೆ ನಿಲ್ಲುತ್ತದೆ ಎಂಬುದು ಲೆಕ್ಕದಲ್ಲಿರಲಿಲ್ಲ. ಹಲಗೆ ಕಂಬಕ್ಕೆ ಮುಟ್ಟಿ, ಪೂರ್ತಿ ಏಳದೆ, ಕೂತವರ ಬೆನ್ನ ಮೇಲೆ ಬಾಗಿ ನಿಂತಿತು. ಕಾಂಕ್ರೀಟ್ ಹಾಕದೆ ಮಣ್ಣನ್ನೇ ದಮ್ಮಸು ಮಾಡಿದ್ದರಿಂದ ಕಂಬಗಳನ್ನು ಸರಿಸಲು ಸಾಧ್ಯವಾಯಿತು. ಈಗ ಗೋಡೆಗೂ ಕಂಬಕ್ಕೂ ನಡುವೆ 50 ಮಿ.ಮೀ. ಮರದ ತುಂಡು ಇದೆ, ಒರಗು ತುಸುವೇ ಹಿಂದಕ್ಕೆ ವಾಲಿ ಕೂರುತ್ತದೆ. ಅದು ಮುಂದಕ್ಕೆ ಬೀಳದಂತೆ ಕಂಬಕ್ಕೊಂದು ಮರದ ತಿರುಗುಚಿಲಕ ಹಾಕಿದ್ದೇನೆ.

ನೆರಳಿಲ್ಲದ ಒಣ ಮರಳು ಮಧ್ಯಾಹ್ನ ಅಂಗಾಲು ಇಡಲಾಗದಷ್ಟು ಕಾಯುತ್ತದೆ. ಬಲೆಯನ್ನು ತೊಟ್ಟಿಯ ನೆತ್ತಿಗೆ ಸರಿಯಾಗಿ ಕಟ್ಟಿದೆ, ಮಧ್ಯಾಹ್ನ ಅದು ಸರಿಯಾಗಿಯೂ ಇತ್ತು. ಆದರೆ ಮಕ್ಕಳು ಆಡಲು ಬರುವುದು ಹೊತ್ತು ಇಳಿದ ಮೇಲೆ. ಸೂರ್ಯ ಅರ್ಧ ಆಕಾಶಕ್ಕೆ ಇಳಿದಾಗ 1.8 ಮೀಟರ್ ಎತ್ತರದ ಬಲೆಯ ನೆರಳು 1.8 ಮೀಟರ್ ಪೂರ್ವಕ್ಕೆ ಸರಿದು, 1.2 ಮೀಟರ್‌ನ ಮರಳಿನ ಆಚೆಗೆ ಬಿದ್ದಿರುತ್ತದೆ. ಹುಲ್ಲಿಗೆ ನೆರಳು, ಮಕ್ಕಳಿಗೆ ಬಿಸಿಲು. ಪಶ್ಚಿಮದ ಎರಡು ಕಂಬಗಳ ನಡುವೆ ಇಳಿಬಿಡುವ ಪರದೆ ಹಾಕಿದ ಮೇಲೆಯೇ ಅದು ಸರಿಹೋಯಿತು.

ಹಂತ 8: ಎಣ್ಣೆ

ಮರಕ್ಕೆ ಅಗಸೆ ಎಣ್ಣೆ ಹಚ್ಚಿದೆ. ದಪ್ಪಗೆ ಹಚ್ಚಿದ ಹಲಗೆ ಬಹಳ ಕಾಲ ಜಿಗುಟಾಗಿಯೇ ಉಳಿದು ಮರಳನ್ನೆಲ್ಲ ಮೈಗೆ ಹಚ್ಚಿಕೊಂಡಿತು. ತೆಳುವಾಗಿ ಸವರಿ, ಹೀರದೆ ಉಳಿದದ್ದನ್ನು ಒರೆಸಿದ ಹಲಗೆ ಸರಿಯಾಯಿತು. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಬಿಡಿಯಾಗಿ ಹರವಿ ಪೂರ್ತಿ ಒಣಗಿಸಿದೆ.

ಬಾಕಿ ಇರುವುದು

ಮುಚ್ಚಳ ತೆರೆದಾಗ ಸಿಗುವ ಮರಳಿನ ಬಾಯಿ 1200 × 860 ಮಿ.ಮೀ. ಮಾತ್ರ, ಏಕೆಂದರೆ ಅಂಚುಹಲಗೆ ಎರಡೂ ಬದಿ 170 ಮಿ.ಮೀ. ಒಳಕ್ಕೆ ಚಾಚಿದೆ. ಇಬ್ಬರಿಗೆ ಸಾಕು, ಮೂರನೆಯ ಮಗು ಬಂದರೆ ಇಕ್ಕಟ್ಟು. ಆ ಹಲಗೆಯ ಅಡಿಯ ಮರಳು ಬೇಗ ಒಣಗುವುದಿಲ್ಲ, ಕಳೆದ ಆಟಿಕೆಗಳೆಲ್ಲ ಅಲ್ಲಿಯೇ ಸಿಗುತ್ತವೆ. ವಾರಕ್ಕೊಮ್ಮೆ ಅಲ್ಲಿನ ಮರಳನ್ನು ಕೈಸಲಿಕೆಯಿಂದ ನಡುವಿಗೆ ಎಳೆದು ಮಗುಚುತ್ತಿದ್ದೇನೆ. ನೀರಿನಾಟಕ್ಕೆಂದು ಇಟ್ಟ ಟಬ್ಬನ್ನು ಆಟ ಮುಗಿದ ಕೂಡಲೇ ಬರಿದು ಮಾಡಿ ಬೋರಲು ಹಾಕುತ್ತೇವೆ, ತುಂಬಿರುವಷ್ಟು ಹೊತ್ತೂ ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರ ಕೂತಿರುತ್ತೇವೆ. ಚಿಕ್ಕ ಮಗುವಿಗೆ ಗೇಣುದ್ದಕ್ಕಿಂತ ಕಡಿಮೆ ನೀರೂ ಅಪಾಯಕಾರಿ. ಪಶ್ಚಿಮದ ಪರದೆಯ ತಳ ಗಾಳಿಗೆ ಹಾರುತ್ತಿದೆ. ಅದಕ್ಕೆ ಹಗ್ಗ ಕಟ್ಟಿದರೆ ಮಕ್ಕಳ ಕುತ್ತಿಗೆಯ ಎತ್ತರಕ್ಕೆ ಬರುವುದರಿಂದ, ಹೊಲಿದ ಮಡಿಕೆಯೊಳಗೆ ಮರದ ಪಟ್ಟಿ ತೂರಿಸಿ ಭಾರ ಕೊಡುವ ಕೆಲಸ ಈಗ ನಡೆಯುತ್ತಿದೆ.